ಬಾತ್ ನಗರದಲ್ಲಿ ಒಂದು ಕೋಣೆಯ ಅರ್ಜಿ

ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ, ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿಯಲ್ಲಿ, ಏವನ್ ನದಿಯ ದಂಡೆಯ ಮೇಲೆ ಬಾತ್ ಎಂಬ ನಗರವಿದೆ. ನೆಲದೊಳಗಿಂದ ತಾನಾಗಿ ಉಕ್ಕುವ ಬಿಸಿನೀರಿನ ಬುಗ್ಗೆಗಳು ಈ ಊರಿಗೆ ಹೆಸರನ್ನೂ ಕೀರ್ತಿಯನ್ನೂ ತಂದುಕೊಟ್ಟಿವೆ. ಅಲ್ಲಿ ರೋಮನ್ನರು ಕಟ್ಟಿದ ಸ್ನಾನಗೃಹಗಳ ವರ್ಣನೆ ಪ್ರವಾಸ ಗ್ರಂಥಗಳಲ್ಲಿ ಧಾರಾಳವಾಗಿ ದೊರೆಯುವುದರಿಂದ ನಾವು ಅದನ್ನಿಲ್ಲಿ ವಿಸ್ತರಿಸಹೋಗುವುದಿಲ್ಲ. ನಾವು ಬರೆಯಬಯಸಿರುವುದು ಆ ನಗರದ ಮನೆಗಳನ್ನು ಕುರಿತು. ಅದರಲ್ಲಿಯೂ ಒಂದು ಹಳೆಯ ಮನೆಯ ಹಿಂಬದಿಗೆ ಒಂದೇ ಒಂದು ಕೋಣೆಯನ್ನು ಕಟ್ಟಿಕೊಳ್ಳಲು ಒಂದು ಕುಟುಂಬವು ಪಟ್ಟ ಪ್ರಯಾಸವನ್ನು ಕುರಿತು.

ನಮ್ಮ ಮಗನು ಉದ್ಯೋಗ ನಿಮಿತ್ತ ಆ ಊರಿನಲ್ಲಿ ಸಂಸಾರ ಹೂಡಿದ್ದಾನೆ. 2025ರ ಬೇಸಿಗೆಯಲ್ಲಿ ನಾವು ದಂಪತಿಗಳು ಮೂರು ತಿಂಗಳು ಅವನಲ್ಲಿ ತಂಗಿದ್ದೆವು. ಅವನ ಬಿಡಾರವಿರುವುದು ನಗರದ ಉತ್ತರಕ್ಕೆ ಏರುತ್ತ ಹೋಗುವ ಲ್ಯಾನ್ಸ್‌ಡೌನ್ ಗುಡ್ಡದ ಇಳಿಜಾರಿನ ಒಂದು ಬೀದಿಯಲ್ಲಿ. ಬೀದಿಯುದ್ದಕ್ಕೂ ಮನೆಗೆ ಮನೆ ಅಂಟಿಕೊಂಡು, ಒಂದೇ ಎತ್ತರದಲ್ಲಿ, ಒಂದೇ ಬಣ್ಣದ ಕಲ್ಲಿನಲ್ಲಿ ಸಾಲಾಗಿ ನಿಂತಿವೆ. ತಳಮಹಡಿ, ನೆಲಮಹಡಿ, ಅದರ ಮೇಲೆ ಎರಡು ಮಹಡಿ, ಎಲ್ಲಕ್ಕೂ ಮೇಲೆ ಅಟ್ಟ. ಅಗಲ ಮಾತ್ರ ಇಪ್ಪತ್ತು ಅಡಿಯ ಆಸುಪಾಸು. ನಿಂತ ಪುಸ್ತಕಗಳ ಹಾಗೆ ತೆಳ್ಳಗೆ, ಎತ್ತರವಾಗಿ ಇರುವ ಈ ಮನೆಗಳಲ್ಲಿ ಬದುಕೆಂದರೆ ಮೆಟ್ಟಿಲು ಹತ್ತಿಳಿಯುವುದೇ ಸರಿ. ಅನೇಕ ಮನೆಗಳನ್ನು ಈಗ ಮಹಡಿಗೊಂದರಂತೆ ಬಿಡಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮ ಮಗನಿಗೆ ದೊರೆತದ್ದು ಒಂದು ತಳಮಹಡಿ. ಮುಂದೆ ಬೀದಿಯ ಕೆಳಗೆ ಇಣುಕುವ ಕಿಟಕಿ. ಹಿಂದೆ, ಗುಡ್ಡವನ್ನು ಕಡಿದು ಮಾಡಿದ ಬಾವಿಯಂತಹ ಅಂಗಳಕ್ಕೆ ತೆರೆಯುವ ಅಡುಗೆಮನೆಯ ಕಿಟಕಿ. ಅದರಾಚೆ ತಲೆಯ ಮಟ್ಟದಲ್ಲಿ ಹಿತ್ತಿಲಿನ ಹುಲ್ಲು.

ಈ ಕಲ್ಲಿನ ವಿಷಯವನ್ನು ಹೇಳದೆ ಬಾತ್ ನಗರವನ್ನು ಹೇಳಲಾಗದು. ಅದು ಸುಣ್ಣಕಲ್ಲಿನ ಒಂದು ಜಾತಿ. ಬಣ್ಣ ಕೆನೆಹಾಲಿನದು, ಸಂಜೆಯ ಬಿಸಿಲಿಗೆ ಜೇನಿನದು. ಹದಿನೆಂಟನೆಯ ಶತಮಾನದಲ್ಲಿ ರಾಲ್ಫ್ ಆಲನ್ ಎಂಬ ಉದ್ಯಮಿಯು ಊರಾಚೆಯ ಕೂಂಬ್ ಡೌನ್ ಗಣಿಗಳಿಂದ ಇದನ್ನು ತೆಗೆಯಿಸಿ ಮಾರಿದನು. ಅದೇ ಕಾಲದಲ್ಲಿ ಜಾನ್ ವುಡ್ ಎಂಬ ವಾಸ್ತುಶಿಲ್ಪಿಯು ಕ್ವೀನ್ ಸ್ಕ್ವೇರ್ ಎಂಬ ಚೌಕದಲ್ಲಿ ಒಂದು ಹೊಸ ಪದ್ಧತಿಯನ್ನು ಬಳಸಿದನು. ಹಲವಾರು ಮನೆಗಳನ್ನು ಒಟ್ಟುಗೂಡಿಸಿ ಅವೆಲ್ಲಕ್ಕೂ ಅರಮನೆಯಂತಹ ಒಂದೇ ಮುಖವನ್ನು ಕೊಡುವುದೇ ಆ ಪದ್ಧತಿ. 1754ರಲ್ಲಿ ಅವನು ಸರ್ಕಸ್ ಎಂಬ ವರ್ತುಲಾಕಾರದ ಮನೆಗಳ ಕೆಲಸಕ್ಕೆ ಕೈಯಿಟ್ಟು ಅದೇ ವರ್ಷ ತೀರಿಕೊಂಡನು. ಅದನ್ನು ಪೂರೈಸಿದ ಅವನ ಮಗ, ತಂದೆಯ ಹೆಸರನ್ನೇ ಹೊತ್ತ ಕಿರಿಯ ಜಾನ್ ವುಡ್, 1767ರಿಂದ ಮುಂದಿನ ಏಳೆಂಟು ವರ್ಷಗಳಲ್ಲಿ ರಾಯಲ್ ಕ್ರೆಸೆಂಟ್ ಎಂಬ ಅರ್ಧಚಂದ್ರಾಕೃತಿಯ ಸಾಲನ್ನು ಕಟ್ಟಿಸಿದನು. ಮೂವತ್ತು ಮನೆ, 114 ಕಂಬ. ಎದುರಿನ ಹುಲ್ಲುಗಾವಲಿನಲ್ಲಿ ನಿಂತು ನೋಡಿದರೆ ಒಬ್ಬನೇ ಅರಸನ ಸೌಧವೆಂದು ಯಾರಿಗಾದರೂ ಭ್ರಮೆಯಾದೀತು.

ಆದರೆ ಆ ಸೌಧದ ಬೆನ್ನ ಹಿಂದಿನ ಓಣಿಗೆ ಹೋಗಿ ನೋಡಬೇಕು. ನಮ್ಮ ಮನೆಯವರು ಮೊದಲು ನಕ್ಕರು, ಬಳಿಕ ಬೆರಗಾದರು. ಮುಂದೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಂತ ಮನೆಗಳು ಹಿಂದೆ ಒಂದೊಂದು ಒಂದೊಂದು ಬಗೆ. ಒಂದರದು ಉಬ್ಬಿದ ಗೋಡೆ, ಇನ್ನೊಂದರದು ತಗ್ಗಿದ ಮಾಡು. ಕಿಟಕಿಗಳು ಮನಬಂದ ಕಡೆ. ಹೊಗೆಕೊಳವೆ, ನೀರಿನ ಕೊಳವೆಗಳ ಜಾತ್ರೆ. ಇದಕ್ಕೆ ಕಾರಣವಿದೆ. ವುಡ್ ನಿರ್ಮಿಸಿಕೊಟ್ಟದ್ದು ಮುಖವನ್ನು ಮಾತ್ರ. ಕೊಳ್ಳುವವರು ಆ ಮುಖದ ಇಷ್ಟು ಉದ್ದ ತಮಗೆಂದು ಕೊಂಡು, ಅದರ ಹಿಂದೆ ತಮ್ಮ ತಮ್ಮ ಶಿಲ್ಪಿಗಳಿಂದ ತಮ್ಮ ಇಚ್ಛೆಯಂತೆ ಮನೆ ಕಟ್ಟಿಸಿಕೊಳ್ಳುತ್ತಿದ್ದರು. ಅಂದರೆ ಹುಟ್ಟಿದ ದಿನದಿಂದಲೇ ಬಾತ್ ನಗರದ ಮನೆಗೆ ಎರಡು ಒಡೆತನ. ಮುಂಭಾಗ ಬೀದಿಯದು, ಹಿಂಭಾಗ ಮನೆಯವರದು. ಈ ಒಪ್ಪಂದ ಇನ್ನೂರು ವರ್ಷ ನಡೆಯಿತು. ಈಗ ನಡೆಯುವುದಿಲ್ಲವೆಂಬುದು ನಮಗೆ ತಿಳಿದದ್ದು ಒಂದು ಪತ್ರದಿಂದ.

ನಾವು ಹೋದ ಎರಡನೆಯ ವಾರ ಮಗನ ವಿಳಾಸಕ್ಕೆ ನಗರಾಡಳಿತದ ಪತ್ರವೊಂದು ಬಂದಿತು. ಪೂರ್ವದ ಪಕ್ಕದ ಮನೆಯವರು ತಮ್ಮ ಮನೆಯ ಹಿಂಬದಿಗೆ ಒಂದು ಮಹಡಿಯ ವಿಸ್ತರಣೆಯನ್ನು ಮಾಡಲು ಅನುಮತಿ ಬೇಡಿದ್ದಾರೆ, ನಕಾಶೆಗಳನ್ನು ನೋಡಬಹುದು, ಹೇಳುವುದಿದ್ದರೆ 21 ದಿನಗಳೊಳಗೆ ಲಿಖಿತವಾಗಿ ತಿಳಿಸಬಹುದು ಎಂದು ಅದರಲ್ಲಿತ್ತು. ಬೀದಿಯ ದೀಪಸ್ತಂಭಕ್ಕೂ ಅದೇ ಒಕ್ಕಣೆಯ ಹಳದಿ ಕಾಗದವನ್ನು ಕಟ್ಟಿದ್ದರು. ನಮ್ಮ ಮಗ ಆ ಮನೆಯ ಒಡೆಯನಲ್ಲ, ಬಾಡಿಗೆದಾರ. ಆ ದೇಶದ ಪ್ರಜೆಯೂ ಅಲ್ಲ. ಆದರೂ ನೆರೆಯವನೆಂಬ ಒಂದೇ ಕಾರಣಕ್ಕೆ ಅವನ ಅಭಿಪ್ರಾಯಕ್ಕೆ ಸ್ಥಾನವಿದೆಯೆಂಬುದನ್ನು ಕಂಡು ನಮಗೆ ಸಂತೋಷವಾಯಿತು. ಆದರೆ ನಕಾಶೆಯನ್ನು ನೋಡಿದ ಮೇಲೆ ಆ ಸಂತೋಷ ಉಳಿಯಲಿಲ್ಲ. ಹೊಸ ಕೋಣೆಯ ಗೋಡೆ ಎರಡೂ ಮನೆಗಳ ಗಡಿಯ ಮೇಲೆಯೇ ನಾಲ್ಕು ಮೀಟರು ಮುಂದಕ್ಕೆ ಚಾಚುತ್ತಿತ್ತು. ನಮ್ಮ ಅಡುಗೆಮನೆಯ ಕಿಟಕಿಗೆ ಬೀಳುವ ಬೆಳಕಿನ ದಾರಿ ಅದೇ. ಉತ್ತರಕ್ಕೆ ಮುಖ ಮಾಡಿದ ಆ ಕಿಟಕಿಗೆ ವರ್ಷದ ಬಹುಭಾಗ ಬಿಸಿಲೇ ಇಲ್ಲ. ಬೇಸಿಗೆಯಲ್ಲಿ ಮಾತ್ರ, ಆ ದೇಶದಲ್ಲಿ ಸೂರ್ಯನು ಈಶಾನ್ಯಕ್ಕೆ ಸರಿದು ಉದಯಿಸುವುದರಿಂದ, ಬೆಳಗಿನ ಹೊತ್ತು ಒಂದು ತುಂಡು ಬಿಸಿಲು ಮೇಜಿನ ಮೇಲೆ ಬೀಳುತ್ತದೆ. ಊರಿನಿಂದ ಒಯ್ದ ಜೋಳದ ಹಿಟ್ಟಿನಲ್ಲಿ ನಮ್ಮ ಮನೆಯವರು ರೊಟ್ಟಿ ಬಡಿಯುತ್ತಿದ್ದುದು ಆ ಬಿಸಿಲಿನಲ್ಲಿಯೇ. ಸೊಸೆಯು ಅಂದೇ ವಿರೋಧ ಪತ್ರ ಬರೆಯಬೇಕೆಂದಳು.

ಬರೆಯುವ ಮುನ್ನ ನೆರೆಯವರನ್ನು ಕಂಡು ಮಾತನಾಡುವುದು ಲೇಸೆಂದು ನಾವು ಹೇಳಿದೆವು. ಅವರು ಅರವತ್ತು ದಾಟಿದ ಇಂಗ್ಲಿಷ್ ದಂಪತಿಗಳು. ಇಡೀ ಮನೆ ಅವರದೇ. ಚಹಾದ ಜೊತೆಗೆ ತಮ್ಮ ಸಂಕಟವನ್ನೂ ಮುಂದಿಟ್ಟರು. ಆಕೆಯ ತಾಯಿಗೆ 86 ವರ್ಷ. ಬೇರೆ ಊರಿನಲ್ಲಿ ಒಬ್ಬರೇ ಇದ್ದು, ಎರಡು ಸಲ ಬಿದ್ದ ಮೇಲೆ ಮಗಳ ಮನೆಗೆ ಬಂದಿದ್ದಾರೆ. ಈ ಮನೆಯಲ್ಲಿ ಮಲಗುವ ಕೋಣೆಗಳೂ ಸ್ನಾನದ ಮನೆಯೂ ಇರುವುದು ಮೇಲಿನ ಮಹಡಿಗಳಲ್ಲಿ. ಅಡುಗೆಮನೆ ಇರುವುದು ತಳಮಹಡಿಯಲ್ಲಿ. ಮುದುಕಿಗೆ ಹತ್ತುವ ಶಕ್ತಿಯೂ ಇಲ್ಲ, ಇಳಿಯುವ ಶಕ್ತಿಯೂ ಇಲ್ಲ. ನೆಲಮಹಡಿಯ ಮಟ್ಟಕ್ಕೆ ಹಿತ್ತಿಲಿನಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿ ಒಂದು ಸ್ನಾನದ ಮನೆ. ಬೇಡಿಕೆ ಇಷ್ಟೇ. ಅದು ಆಗದಿದ್ದರೆ ತಾಯಿಯನ್ನು ವೃದ್ಧರ ಶುಶ್ರೂಷಾಲಯಕ್ಕೆ ಕಳಿಸಬೇಕಾದೀತೆಂದು ಹೇಳುವಾಗ ಆ ಮಗಳ ಧ್ವನಿ ತಗ್ಗಿತು. ತಾಯಿ ಪಕ್ಕದ ಕೋಣೆಯಲ್ಲಿಯೇ ಇದ್ದರು. ಬೀದಿಯ ಕಡೆಗಿನ ಊಟದ ಕೋಣೆಯಿಂದ ಮೇಜನ್ನು ಸರಿಸಿ ಅವರಿಗೆ ಮಂಚ ಹಾಕಿದ್ದರು. ಮಂಚವನ್ನು ಕೆಳಗಿಳಿಸಲು ಯಾರ ಅನುಮತಿಯೂ ಬೇಕಾಗಲಿಲ್ಲವೆಂದು ಆ ವೃದ್ಧೆಯೇ ನಗೆಯಾಡಿದರು. ಸ್ನಾನಕ್ಕೆ ಮಾತ್ರ ವಾರಕ್ಕೊಮ್ಮೆ ಇಬ್ಬರು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದರು.

ತಮ್ಮ ಸ್ವಂತ ಹಿತ್ತಿಲಿನಲ್ಲಿ, ಬೀದಿಯಿಂದ ಯಾರ ಕಣ್ಣಿಗೂ ಬೀಳದ ಕಡೆ, ತಾಯಿಗಾಗಿ ಒಂದು ಕೋಣೆ ಕಟ್ಟಲು ತಡೆಯೇನು ಎಂದು ಓದುಗ ಬಂಧುಗಳು ಕೇಳಬಹುದು. ನಾವೂ ಹಾಗೆಯೇ ಕೇಳಿದೆವು. ಆ ದೇಶದಲ್ಲಿ ಸಾಮಾನ್ಯ ಮನೆಗಳಿಗೆ ಮಿತಿಯೊಳಗಿನ ಸಣ್ಣ ವಿಸ್ತರಣೆಯನ್ನು ಅನುಮತಿಯಿಲ್ಲದೆಯೂ ಮಾಡಿಕೊಳ್ಳಬಹುದು. ಆದರೆ ಈ ಮನೆ ಸರಕಾರದ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ್ದು. 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯಿಂದ ಈ ಪಟ್ಟಿ ವ್ಯವಸ್ಥಿತವಾಗಿ ಬೆಳೆಯಿತು. 1968ರ ಕಾಯಿದೆಯು ಅಂತಹ ಕಟ್ಟಡವನ್ನು ಮಾರ್ಪಡಿಸಲು ಪ್ರತ್ಯೇಕ ಸಮ್ಮತಿ ಬೇಕೆಂದು ವಿಧಿಸಿತು. ಈಗ ನಡೆಯುತ್ತಿರುವುದು 1990ರ ಕಾಯಿದೆ. ಪಟ್ಟಿಯಲ್ಲಿ ಮೂರು ದರ್ಜೆಗಳಿವೆ. ರಾಯಲ್ ಕ್ರೆಸೆಂಟ್, ಸರ್ಕಸ್ ಮೊದಲ ದರ್ಜೆಯವು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಟ್ಟಡಗಳು, ನಮ್ಮ ಈ ಬೀದಿಯ ಮನೆಗಳೂ, ಎರಡನೆಯ ದರ್ಜೆಗೆ ಸೇರಿವೆ. ದರ್ಜೆ ಯಾವುದಾದರೂ ರಕ್ಷಣೆ ಮುಖಕ್ಕೆ ಮಾತ್ರವಲ್ಲ. ಒಳಗೂ ಹೊರಗೂ, ಮುಂದೂ ಹಿಂದೂ, ಮೆಟ್ಟಿಲಿನ ಕಟಕಟೆಗೂ ಬಾಗಿಲಿನ ಚೌಕಟ್ಟಿಗೂ ಉಂಟು. ಸಮ್ಮತಿಯಿಲ್ಲದೆ ಗೋಡೆ ಒಡೆದರೆ ಅದು ಅಪರಾಧ. ಎರಡು ವರ್ಷಗಳವರೆಗೆ ಸೆರೆವಾಸವನ್ನೂ ಮಿತಿಯಿಲ್ಲದ ದಂಡವನ್ನೂ ವಿಧಿಸಬಹುದು. ಹಿಂದಿನ ಮಾಲೀಕ ಕಳ್ಳತನದಿಂದ ಮಾಡಿದ ಕೆಲಸವನ್ನು ಸರಿಪಡಿಸೆಂಬ ಆಜ್ಞೆ ಎಷ್ಟು ವರ್ಷಗಳ ನಂತರವೂ ಈಗಿನ ಮಾಲೀಕನ ಮೇಲೆ ಬರಬಹುದು.

ಹೀಗಾಗಿ ಒಂದೇ ಕೋಣೆಗೆ ಎರಡು ಅರ್ಜಿ. ಒಂದು ಯೋಜನಾ ಅನುಮತಿಗೆ, ಇನ್ನೊಂದು ಪಾರಂಪರಿಕ ಕಟ್ಟಡದ ಸಮ್ಮತಿಗೆ. ಎರಡನೆಯದಕ್ಕೆ ಶುಲ್ಕವಿಲ್ಲ. ಮೊದಲನೆಯದರ ಶುಲ್ಕವು 2025ರ ಏಪ್ರಿಲ್ 1ರಂದು 258 ಪೌಂಡಿನಿಂದ 528 ಪೌಂಡಿಗೆ ಏರಿತ್ತು. ನಕಾಶೆಗಳ ಜೊತೆಗೆ ಈ ಮನೆ ಎಂದು ಹುಟ್ಟಿತು, ಯಾವ ಗೋಡೆ ಯಾವ ಕಾಲದ್ದು, ಹೊಸ ಕೆಲಸದಿಂದ ಯಾವುದಕ್ಕೆ ಎಷ್ಟು ಧಕ್ಕೆ ಎಂಬ ಒಂದು ಚರಿತ್ರೆಯನ್ನೂ ಬರೆಯಿಸಿ ಒಪ್ಪಿಸಬೇಕು. ಆ ಚರಿತ್ರೆಯನ್ನು ನಾವು ಓದಿದೆವು. ಮನೆ 1790ರ ಸುಮಾರಿನದೆಂದು ಅದರಲ್ಲಿತ್ತು. 1793ರಲ್ಲಿ ಬಾತ್ ನಗರದ ಬ್ಯಾಂಕು ಮುಳುಗಿ, ಕಟ್ಟುತ್ತಿದ್ದವರು ದಿವಾಳಿಯಾಗಿ, ಅನೇಕ ಮನೆಸಾಲುಗಳು ವರ್ಷಗಟ್ಟಲೆ ಮಾಡಿಲ್ಲದೆ ನಿಂತಿದ್ದವು. ತಮ್ಮ ಮನೆಯ ಹಿಂಗೋಡೆ ಒರಟುಗಲ್ಲಿನದಾಗಿರುವುದಕ್ಕೆ ಆ ಕಾಲದ ಕೈಬಿಗಿತವೇ ಕಾರಣವಿರಬೇಕೆಂದು ಮನೆಯ ಯಜಮಾನರು ಊಹಿಸುತ್ತಿದ್ದರು. ಅಂದು ಹಣವಿಲ್ಲದೆ ಒರಟಾಗಿ ಬಿಟ್ಟ ಗೋಡೆಯೇ ಇಂದು ಮುಟ್ಟಬಾರದ ಆಸ್ತಿಯಾಗಿದೆ ಎಂದು ಅವರು ಹೇಳಿದ್ದರಲ್ಲಿ ವಿನೋದವೂ ಇತ್ತು, ನೋವೂ ಇತ್ತು.

ಆದರೂ ಇಷ್ಟು ಬಿಗಿಯಾದ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. 1942ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಮೂರು ಸಲ ಬಾತ್ ನಗರದ ಮೇಲೆ ಬಾಂಬು ಸುರಿಸಿದವು. ನಾನೂರಕ್ಕೂ ಹೆಚ್ಚು ಜನ ಮಡಿದರು. ಯುದ್ಧ ಮುಗಿದ ಮೇಲೆ ಆದ ನಾಶ ಬೇರೆ ಬಗೆಯದು. ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಸುಧಾರಣೆಯ ಹೆಸರಿನಲ್ಲಿ, ಪ್ರಸಿದ್ಧ ಸೌಧಗಳನ್ನು ಮಾತ್ರ ಉಳಿಸಿಕೊಂಡು, ಅವುಗಳ ಹಿಂದೆ ಮುಂದೆ ಇದ್ದ ಕುಶಲಕರ್ಮಿಗಳ ಸಣ್ಣ ಸಣ್ಣ ಹಳೆಯ ಮನೆಗಳನ್ನು ಬೀದಿಬೀದಿಯಾಗಿ ಕೆಡವಿದರು. ಆಡಂ ಫರ್ಗುಸನ್ ಎಂಬ ಲೇಖಕರು 1973ರಲ್ಲಿ ಒಂದು ಪುಸ್ತಕವನ್ನೇ ಬರೆದು ಈ ಕೊಳ್ಳೆಯನ್ನು ಲೋಕದ ಗಮನಕ್ಕೆ ತಂದರು. ಮುಖಗಳನ್ನು ಉಳಿಸಿಕೊಂಡರೆ ಊರು ಉಳಿದಂತಲ್ಲ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. 1987ರಲ್ಲಿ ಇಡೀ ನಗರವನ್ನೇ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿತ್ತಿಲಿನ ಒರಟು ಗೋಡೆಗೂ ಕಾವಲು ಬಂದದ್ದು ಹೀಗೆ. ಈ ಕಾವಲು ಕೆಲವೊಮ್ಮೆ ಅತಿಯಾಗುವುದೂ ಉಂಟು. 1970ರ ದಶಕದಲ್ಲಿ ರಾಯಲ್ ಕ್ರೆಸೆಂಟಿನ 22ನೆಯ ಮನೆಯ ಮಹಿಳೆಯೊಬ್ಬರು ತಮ್ಮ ಬಾಗಿಲಿಗೆ ವಾಡಿಕೆಯ ಬಿಳಿಯ ಬದಲು ಹಳದಿ ಬಣ್ಣ ಹಚ್ಚಿದರು. ಅಂದಿನ ನಗರಸಭೆ ಬಣ್ಣ ಬದಲಿಸಲು ಆಜ್ಞೆ ಮಾಡಿತು, ಆಕೆ ಒಪ್ಪಲಿಲ್ಲ. ವ್ಯಾಜ್ಯವು ಮಂತ್ರಿಯವರೆಗೆ ಹೋಗಿ, ಬಾಗಿಲು ಹಳದಿಯಾಗಿಯೇ ಇರಬಹುದೆಂದು ತೀರ್ಮಾನವಾಯಿತು. ಒಂದು ಬಾಗಿಲಿನ ಬಣ್ಣಕ್ಕೆ ಮಂತ್ರಿಯ ಅಪ್ಪಣೆ!

ಇನ್ನು ನಮ್ಮ ನೆರೆಯ ಕೋಣೆಗೆ ಬರೋಣ. ಆಡಳಿತದ ಪಾರಂಪರಿಕ ಅಧಿಕಾರಿಯೊಬ್ಬರು ಸ್ಥಳಕ್ಕೆ ಬಂದರು. ಅವರು ಕಠಿಣರೆಂದು ಹೇಳಲಾರೆವು. ವೃದ್ಧೆಯ ಬಳಿ ಕುಳಿತು ಮಾತನಾಡಿದರು. ಆದರೆ ಅವರು ಹೇಳಿದ ಒಂದು ಮಾತು ನಮ್ಮನ್ನು ಬಹುಕಾಲ ಚಿಂತೆಗೆ ಹಚ್ಚಿತು. ಕಾನೂನಿನ ತಕ್ಕಡಿಯಲ್ಲಿ ಒಂದು ತಟ್ಟೆಯಲ್ಲಿರುವುದು ಹಳೆಯ ಕಟ್ಟಡಕ್ಕೆ ಆಗುವ ಧಕ್ಕೆ. ಅದು ಅಲ್ಪವಾದರೂ ಅದಕ್ಕೆ ಹೆಚ್ಚಿನ ತೂಕ ಕೊಡಬೇಕು. ಇನ್ನೊಂದು ತಟ್ಟೆಯಲ್ಲಿಡತಕ್ಕದ್ದು ಸಾರ್ವಜನಿಕರಿಗೆ ಆಗುವ ಹಿತ. ಒಬ್ಬ ತಾಯಿಯ ಮೊಣಕಾಲು ನೋವು ಸಾರ್ವಜನಿಕ ಹಿತವಲ್ಲ. 2010ರ ಸಮಾನತಾ ಕಾಯಿದೆಯಂತೆ ವೃದ್ಧರ, ಅಂಗವಿಕಲರ ಅಗತ್ಯವನ್ನು ಅಧಿಕಾರಿಗಳು ಗಮನಕ್ಕೆ ತಂದುಕೊಳ್ಳಲೇಬೇಕು, ತಂದುಕೊಳ್ಳುತ್ತಾರೆ. ಆದರೆ ತಾಯಿ ಇರುವುದು ಕೆಲವು ವರ್ಷ, ಗೋಡೆ ಇರುವುದು ಶತಮಾನ. ಆದುದರಿಂದ ಅದೊಂದರ ಮೇಲೆಯೇ ತೀರ್ಪು ನಿಲ್ಲುವುದು ಅಪರೂಪ. ಈ ತರ್ಕವನ್ನು ನಾವು ಒಪ್ಪಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ಪ್ರತಿಯೊಂದು ತಲೆಮಾರೂ ತನ್ನ ತಾಯಿಯ ಹೆಸರಿನಲ್ಲಿ ಒಂದೊಂದು ಗೋಡೆ ಒಡೆದಿದ್ದರೆ ಆ ಬೀದಿ ಈ ರೂಪದಲ್ಲಿ ಇರುತ್ತಿರಲಿಲ್ಲವೆಂಬುದು ಸತ್ಯ. ವಾರಕ್ಕೊಮ್ಮೆ ಮೆಟ್ಟಿಲಿನ ಮೇಲೆ ಹೊತ್ತೊಯ್ಯಬೇಕಾದ ಜೀವವೊಂದು ಆ ಗೋಡೆಯ ಒಳಗಿದೆಯೆಂಬುದೂ ಅಷ್ಟೇ ಸತ್ಯ.

ಮೊದಲ ನಕಾಶೆಗೆ ಸಮ್ಮತಿ ದೊರೆಯದೆಂದು ಅಧಿಕಾರಿ ಸ್ಪಷ್ಟಪಡಿಸಿದರು. ಹಿಂಗೋಡೆಯನ್ನು ಅಗಲವಾಗಿ ಒಡೆಯುವುದು, ಹಿಂಭಾಗದ ಪೂರ್ಣ ಅಗಲಕ್ಕೂ ಹೊಸ ಕಟ್ಟಡ ಆವರಿಸುವುದು, ಇವೆರಡೂ ಅವರಿಗೆ ಒಪ್ಪಿಗೆಯಾಗಲಿಲ್ಲ. ನೆರೆಯವರು ಅರ್ಜಿಯನ್ನು ಹಿಂದೆಗೆದುಕೊಂಡರು. ಹಿಂದೆಗೆದ ಅರ್ಜಿಯನ್ನು ತಿದ್ದಿ ಒಮ್ಮೆ ಶುಲ್ಕವಿಲ್ಲದೆ ಸಲ್ಲಿಸುವ ಅವಕಾಶ ಮೊದಲಿತ್ತು; 2023ರ ಡಿಸೆಂಬರಿನಲ್ಲಿ ಅದನ್ನು ತೆಗೆದುಹಾಕಿದ್ದರಿಂದ ಮತ್ತೆ ಹಣ ಕಟ್ಟಬೇಕಾಯಿತು.

ನಮ್ಮ ಮಗನು ಈ ನಡುವೆ ನಿಯಮಗಳನ್ನು ಓದಿಕೊಂಡಿದ್ದನು. ನೆರೆಯವನು ಏನನ್ನಾದರೂ ಹೇಳಬಹುದಾದರೂ ಎಲ್ಲವನ್ನೂ ಪರಿಗಣಿಸುವುದಿಲ್ಲ. ನನ್ನ ಮನೆಯ ಬೆಲೆ ಇಳಿಯುತ್ತದೆ, ನನಗೆ ಗುಡ್ಡದ ನೋಟ ತಪ್ಪುತ್ತದೆ, ಕೆಲಸದ ಗದ್ದಲವಾಗುತ್ತದೆ ಎಂಬ ಆಕ್ಷೇಪಣೆಗಳಿಗೆ ಬೆಲೆಯಿಲ್ಲ. ಬೆಳಕು ಕಡಿಮೆಯಾಗುತ್ತದೆಂಬುದಕ್ಕೆ ಬೆಲೆಯಿದೆ. ನೆರೆಯವರ ಕಿಟಕಿಯ ನಡುಭಾಗದಿಂದ 45 ಅಂಶದ ಓರೆಗೆರೆ ಎಳೆದು, ಹೊಸ ಗೋಡೆ ಆ ಗೆರೆಯನ್ನು ದಾಟುವುದೇ ಎಂದು ನೋಡುವುದು ಅಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ಬರೆದ ಪತ್ರವು ಗುಟ್ಟಾಗಿ ಉಳಿಯುವುದಿಲ್ಲ. ಬರೆದವರ ಹೆಸರಿನೊಡನೆ ಯಾರು ಬೇಕಾದರೂ ಓದಬಹುದು. ಈ ಏರ್ಪಾಡು ನಮಗೆ ಮೆಚ್ಚುಗೆಯಾಯಿತು. ನಾಳೆ ಬೆಳಿಗ್ಗೆ ಬಾಗಿಲಲ್ಲಿ ಎದುರಾಗುವವರ ಮೇಲೆ ಹೆಸರು ಹಾಕಿ ಬರೆಯಬೇಕಾದಾಗ ಲೇಖನಿ ತಾನಾಗಿ ಹದಕ್ಕೆ ಬರುತ್ತದೆ. ಸೊಸೆಯ ವಿರೋಧವೂ ಅಷ್ಟರಲ್ಲಿ ಸಡಿಲಿಸಿತ್ತು. ಮಧ್ಯಾಹ್ನದ ಹೊತ್ತು ಆ ವೃದ್ಧೆಯ ಬಳಿ ಅರ್ಧ ತಾಸು ಕುಳಿತು ಬರುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಎರಡನೆಯ ಅರ್ಜಿ ಬಂದಾಗ ಮಗ ಬರೆದದ್ದು ಇಷ್ಟು: ಕೋಣೆಗೆ ನಮ್ಮ ವಿರೋಧವಿಲ್ಲ, ಗೋಡೆಯು ಗಡಿಯಿಂದ ದೂರ ಸರಿಯಲಿ, ಮಾಡು ನಮ್ಮ ಕಡೆಗೆ ಇಳಿಜಾರಾಗಲಿ.

ಆ ಹೊಸ ನಕಾಶೆಯನ್ನು ನಾವು ಹೊರಡುವ ಮುಂಚೆ ಕಂಡೆವು. ಕೋಣೆ ಚಿಕ್ಕದಾಗಿತ್ತು. ಹಳೆಯ ಗೋಡೆಗೆ ಅದು ನೇರವಾಗಿ ಅಂಟಿಕೊಳ್ಳದೆ, ನಡುವೆ ಗಾಜಿನ ಒಂದು ಕಿರುದಾರಿ ಬಂದಿತ್ತು. 1790ರ ಒರಟುಗಲ್ಲು ಗಾಜಿನೊಳಗಿಂದ ಕಾಣುತ್ತಲೇ ಇರಬೇಕು. ಮುಂದೊಂದು ದಿನ ಈ ಕೋಣೆ ಬೇಡವಾದರೆ ಗುರುತುಳಿಯದಂತೆ ಬಿಚ್ಚಿ ತೆಗೆಯುವಂತಿರಬೇಕು ಎಂಬುದು ಅದರ ಮರ್ಮ. ಗೋಡೆಯಲ್ಲಿ ಹೊಸ ಕಂಡಿ ಕೊರೆಯುವ ಬದಲು, ಇದ್ದ ಕಿಟಕಿಯ ಕೆಳಗಿನ ಕಲ್ಲನ್ನಷ್ಟೇ ತೆಗೆದು ಅದನ್ನೇ ಬಾಗಿಲಾಗಿಸಿದ್ದರು. ಸ್ನಾನದ ಮನೆ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಗಾಲಿಕುರ್ಚಿ ತಿರುಗುವುದೇ ಎಂದು ಯಜಮಾನರು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತಾವೇ ಕುರ್ಚಿಯಲ್ಲಿ ಕುಳಿತು ತಿರುಗಿಸಿ ನೋಡಿದರು. ತಿರುಗಿತು, ಆದರೆ ಮೂರು ಸಲ ಹಿಂದುಮುಂದು ಮಾಡಿದ ಮೇಲೆ. ನಮ್ಮ ಕಿಟಕಿಯ ಕಡೆ ಗೋಡೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಒಳಕ್ಕೆ ಸರಿದಿತ್ತು. ಬೆಳಗಿನ ಬಿಸಿಲು ಮೊದಲಿನಷ್ಟು ಬರುವುದಿಲ್ಲ. ಪೂರ್ತಿ ಹೋಗುವುದೂ ಇಲ್ಲ.

ನಾವು ಊರಿಗೆ ಮರಳಿದ ಮೇಲೆ, ನವೆಂಬರಿನಲ್ಲಿ ಅನುಮತಿ ದೊರೆತ ಸುದ್ದಿಯನ್ನು ಮಗ ತಿಳಿಸಿದನು. ಅರ್ಜಿಯನ್ನು ಎಂಟು ವಾರಗಳಲ್ಲಿ ತೀರ್ಮಾನಿಸುವುದು ಅಲ್ಲಿನ ಕ್ರಮ. ಇದಕ್ಕೆ ಮೂರು ವಾರ ಹೆಚ್ಚು ಹಿಡಿಯಿತು. ಅನುಮತಿಯ ಜೊತೆಗೆ ಷರತ್ತುಗಳ ಒಂದು ಸಾಲೇ ಇತ್ತು. ಕೆಲಸವನ್ನು ಮೂರು ವರ್ಷಗಳೊಳಗೆ ಆರಂಭಿಸಬೇಕು. ಸಿಮೆಂಟು ಕೂಡದು, ಸುಣ್ಣದ ಗಾರೆಯನ್ನೇ ಬಳಸಬೇಕು. ಸಿಮೆಂಟು ಆ ಮೆದುಗಲ್ಲಿನ ತೇವವನ್ನು ಹೊರಬಿಡದೆ ಕಲ್ಲನ್ನೇ ತಿಂದುಹಾಕುತ್ತದೆ. ಗೋಡೆ ಕಟ್ಟುವ ಮುನ್ನ ಅದೇ ಕಲ್ಲು, ಅದೇ ಗಾರೆಯಿಂದ ಒಂದು ಮೀಟರು ಚದರದ ಮಾದರಿ ಗೋಡೆಯನ್ನು ಕಟ್ಟಿ ತೋರಿಸಿ ಒಪ್ಪಿಗೆ ಪಡೆಯಬೇಕು. ಹಿಮ ಬೀಳುವ ಕಾಲದಲ್ಲಿ ಸುಣ್ಣದ ಗಾರೆ ಗಟ್ಟಿಯಾಗುವುದಿಲ್ಲವಾದುದರಿಂದ ಚಳಿ ಕಳೆಯುವವರೆಗೆ ಕಾಯಬೇಕಾಯಿತು. ಆ ಚಳಿಗಾಲವನ್ನು ವೃದ್ಧೆಯು ಊಟದ ಕೋಣೆಯಲ್ಲಿಯೇ ಕಳೆದರು. ಮಾರ್ಚಿನ ಕೊನೆಗೆ ಮಾದರಿ ಗೋಡೆ ಹಿತ್ತಿಲಿನಲ್ಲಿ ಎದ್ದು ನಿಂತಿತು. ಅವರ ಕುರ್ಚಿಯನ್ನು ಹಿಂದಿನ ಕಿಟಕಿಯ ಬಳಿಗೆ ತಳ್ಳಿಕೊಂಡು ಹೋಗಿ ತೋರಿಸಿದರಂತೆ. ಮೇಜಿನಷ್ಟು ಅಗಲದ ಆ ಗೋಡೆಯನ್ನು ನೋಡಿ, ಇದು ನನಗೆ ಸ್ವಲ್ಪ ಚಿಕ್ಕದಾಯಿತಲ್ಲ ಎಂದು ಅವರು ಹೇಳಿದರೆಂದು ಸೊಸೆ ಬರೆದಿದ್ದಳು.